ನಾಯಕಿಗೆ ಹೇಳದ ಸುದ್ದಿ

ಐಸ್ ಫ್ಯಾಕ್ಟರಿಯೊಳಗೆ ಹಾಡಿದರೆ ಪ್ರತಿ ಸಾಲೂ ಎರಡು ಸಲ ಕೇಳುತ್ತದೆ ಎಂದು ಆ ವರ್ಷದ ಮಳೆಗಾಲದ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ‘ನಿಜವೇ? ಅಥವಾ ಆಗ ಹಾಗೆ ಅನ್ನಿಸುತ್ತಿತ್ತೇ?’ ಎಂಬ ಪ್ರಶ್ನೆಯೂ ಇದೆ. ಪ್ರಶ್ನೆಯನ್ನು ಯಾವಾಗ ಸೇರಿಸಿದೆನೋ ನೆನಪಿಲ್ಲ. ಮುಂದೆ ಹೇಳುವುದರಲ್ಲಿ ದಿನಚರಿಯಲ್ಲಿ ಇರುವುದು ಸ್ವಲ್ಪ, ಇಲ್ಲದ್ದು ಹೆಚ್ಚು. ಎರಡನ್ನೂ ಬೆರೆಸದೆ ಹೇಳಲು ಪ್ರಯತ್ನಿಸುತ್ತೇನೆ.

ಎರಡು ಸಾವಿರದ ದಶಕದ ನಡುವಿನ ಮಾತು. ಮಳೆಗಾಲದಲ್ಲಿ ಮೀನುಗಾರಿಕೆಗೆ ಸರ್ಕಾರದ ನಿಷೇಧವಿರುವಷ್ಟು ದಿನ ಅಂಕೋಲೆಯ ತೀರದ ಆ ಕೇರಿಯಲ್ಲಿ ದೋಣಿಗಳು ತೆಂಗಿನ ಗರಿ ಹೊದ್ದು ಮಲಗಿರುತ್ತಿದ್ದವು. ಐಸ್ ಫ್ಯಾಕ್ಟರಿಗೂ ಕೆಲಸವಿಲ್ಲ. ಕೇರಿಯ ನಾಟಕ ಮಂಡಳಿಯವರು ಅದರ ಬೀಗದಕೈ ಕೇಳಿ ತಂದು ಒಳಗೆ ತಾಲೀಮು ನಡೆಸುತ್ತಿದ್ದರು. ನಾನು ಅಂಕೋಲೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಮಾತೇ ಇಲ್ಲದೆ ಮೊದಲಿನಿಂದ ಕೊನೆಯವರೆಗೂ ಹಾಡಿನಲ್ಲೇ ನಡೆಯುವ ಒಂದು ದುಃಖಾಂತ ಪ್ರೇಮನಾಟಕ ಬರೆದುಕೊಡಿ ಎಂದು ಮಂಡಳಿಯ ನಿರ್ದೇಶಕರು ಕೇಳಿದರು. ಅವರು ನಿವೃತ್ತ ಗುಮಾಸ್ತರು, ಹರೆಯದಲ್ಲಿ ಸಂಗೀತ ನಾಟಕಗಳಲ್ಲಿ ಹೆಣ್ಣುಪಾತ್ರ ಹಾಕಿದವರು.

“ಜನ ಅಳ್ಬೇಕು ಅಕ್ಕೋರೆ,” ಎಂದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. “ಅಳೂದು ಅಂದ್ರೆ ಬರೀ ಕಣ್ಣಲ್ಲಿ ನೀರು ಬರೂದಲ್ಲ. ಮನೆಗೆ ಹೋದ್ಮೇಲೆ ಅನ್ನ ಬಡ್ಸೂಕೆ ಮರ್ತು ಹೋಗ್ಬೇಕು.”

ಕಥೆ ಹತ್ತು ದಿನದಲ್ಲಿ ಸಿದ್ಧವಾಯಿತು. ಅಗಸೂರಿನ ಕಡೆಯ ಬೇಸಾಯದ ಮನೆಯ ಹುಡುಗಿ. ಒಣಮೀನು ಹೇರಿಕೊಂಡು ಹೊಳೆಯಲ್ಲಿ ದೋಣಿ ನಡೆಸಿಕೊಂಡು ಬರುವ ಕಡಲ ಕೇರಿಯ ಹುಡುಗ. ಅವಳು ಗದ್ದೆಯ ಬದುವಿನ ಮೇಲೆ ನಿಂತು ಹಾಡುತ್ತಾಳೆ, ಅವನು ದೋಣಿಯಿಂದಲೇ ಉತ್ತರ ಹಾಡುತ್ತಾನೆ. ಇಬ್ಬರೂ ಮನೆಯವರಿಗೆ ತಿಳಿಯದ ಹಾಗೆ ಮದುವೆಯಾಗಿ ಕಡಲ ಕೇರಿಯಲ್ಲಿ ಸಂಸಾರ ಹೂಡುತ್ತಾರೆ. ಹುಡುಗಿಯ ಅಣ್ಣನಿಗೆ ಅವಮಾನ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ದೋಣಿಗಳಿಗೆ ದಾರಿ ತೋರಿಸಲು ಕಂಬಕ್ಕೆ ಕಟ್ಟಿದ ಕಂದೀಲನ್ನು ಅವನು ಆರಿಸುತ್ತಾನೆ. ನಾಯಕನ ದೋಣಿ ಮರಳ ದಿಬ್ಬಕ್ಕೆ ಬಡಿದು ಒಡೆಯುತ್ತದೆ. ಕೊನೆಯ ಅಂಕದಲ್ಲಿ ಪಶ್ಚಾತ್ತಾಪ ಪಟ್ಟ ಅಣ್ಣ ತಾನೇ ಬಂದು ತಂಗಿಗೆ ಸುದ್ದಿ ಹೇಳುತ್ತಾನೆ. ಅವಳು ಕುಂಕುಮ ಒರೆಸಿಕೊಂಡು, ಬಳೆ ಒಡೆದುಕೊಂಡು, ಹಾಡುತ್ತ ಹಾಡುತ್ತ ಕಡಲಿಗೆ ನಡೆದುಹೋಗುತ್ತಾಳೆ. ಬರೆದು ಮುಗಿಸಿದ ದಿನ ನನಗೇ ಅಳು ಬಂದಿತ್ತು. ಆ ಅಳುವಿನ ಬಗ್ಗೆ ಈಗ ನನಗೆ ಅಷ್ಟೇನೂ ಗೌರವವಿಲ್ಲ.

ಕೆಲಸದ ಕ್ರಮ ಹೀಗಿತ್ತು. ಹಾರ್ಮೋನಿಯಂ ನುಡಿಸುವವರು ಸದಾಶಿವಗಡದ ಒಬ್ಬ ದರ್ಜಿ. ಹಾರ್ಮೋನಿಯಂ ಅನ್ನು ಇಲ್ಲಿ ಪೇಟಿ ಎನ್ನುವುದರಿಂದ ಎಲ್ಲರಿಗೂ ಅವರು ಪೇಟಿ ಮಾಸ್ತರರು. ವಾರಕ್ಕೆ ಮೂರು ದಿನ ಕಾಳಿ ಸೇತುವೆ ದಾಟಿ, ಕಾರವಾರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಮೊದಲು ಅವರು ಧಾಟಿ ನುಡಿಸುವುದು, ನಾನು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಮನೆಗೆ ಒಯ್ದು ಮಾತ್ರೆ ಲೆಕ್ಕ ಹಾಕಿ ಮಾತು ಕೂರಿಸುವುದು, ಮರುದಿನ ಹಾಡಿಸಿ ನೋಡಿ ಅರ್ಧ ಹೊಡೆದುಹಾಕುವುದು. ಸಂಧಿಯಾಗಿ ಬಿಗಿದುಕೊಂಡ ಪದಗಳು ಕಾಗದದ ಮೇಲೆ ಚಂದ, ಗಂಟಲಲ್ಲಿ ಮುಳ್ಳು. “ಈ ಶಬ್ದ ನುಂಗೂಕೂ ಆಗೂದಿಲ್ಲ, ಉಗುಳೂಕೂ ಆಗೂದಿಲ್ಲ ಅಕ್ಕೋರೆ,” ಎಂದು ಮಾಸ್ತರರು ನಗುತ್ತಿದ್ದರು. ಸಾಲು ಸರಿಯಾಗಿ ಕೂತಾಗ ಕೊಂಕಣಿಯಲ್ಲಿ “ಬರೇಂ, ಬರೇಂ” ಎನ್ನುವರು. ಆ ಮೆಚ್ಚುಗೆಗಾಗಿ ನಾನು ನಾಲ್ಕಾರು ಒಳ್ಳೆಯ ಪ್ರತಿಮೆಗಳನ್ನು ಬಿಟ್ಟುಕೊಟ್ಟಿದ್ದೇನೆ.

ನಾಯಕಿಯನ್ನು ಹುಡುಕಿದ್ದು ನಿರ್ದೇಶಕರು. ಅಂಕೋಲೆಯ ಮೀನುಪೇಟೆಯಲ್ಲಿ ಅವಳು ಗಿರಾಕಿಗಳನ್ನು ಕೂಗುವುದನ್ನು ಕೇಳಿ ಅಲ್ಲೇ ನಿಂತುಬಿಟ್ಟರಂತೆ. ಮೂವತ್ತರ ಆಸುಪಾಸಿನ ಹೆಂಗಸು. ಬೆಳಿಗ್ಗೆಯೆಲ್ಲ ಒಣಮೀನು ಮಾರಿ, ಮಧ್ಯಾಹ್ನ ಮೂರಕ್ಕೆ ಬುಟ್ಟಿಯನ್ನು ಫ್ಯಾಕ್ಟರಿಯ ಬಾಗಿಲಲ್ಲಿ ಇಳಿಸಿ ಒಳಗೆ ಬರುತ್ತಿದ್ದಳು. ಪೇಟಿಯ ಮೂರನೆಯ ಕಪ್ಪು ಮನೆಯನ್ನು ಶ್ರುತಿಯಾಗಿ ಹಿಡಿದು ಹಾಡುವ ದಪ್ಪ ದನಿ. ಓದು ನಿಧಾನ. ನಾನು ಸಾಲನ್ನು ಮೂರು ಸಲ ಹೇಳಿದರೆ ನಾಲ್ಕನೆಯ ಸಲ ಅವಳೇ ಹೇಳುತ್ತಿದ್ದಳು, ಆಮೇಲೆ ಮರೆಯುತ್ತಿರಲಿಲ್ಲ. ಹೊರಗೆ ಮಳೆ, ಒಳಗೆ ಖಾಲಿ ಐಸ್ ಡಬ್ಬಗಳ ಸಾಲು, ಮೇಲಿನ ಕಿಂಡಿಯಿಂದ ಬೀಳುವ ಹಸಿರುಗಪ್ಪು ಬೆಳಕು. ಅವಳು ಬಾಯಿ ಮುಚ್ಚಿದ ಮೇಲೂ ಹಾಡು ಎಲ್ಲೋ ಡಬ್ಬಗಳ ಹಿಂದೆ ನಡೆಯುತ್ತಿತ್ತು. ನೀರಿನ ತಳದಲ್ಲಿ ಕೂತಿದ್ದೇವೆ ಎನ್ನಿಸುತ್ತಿತ್ತು. ಇದು ದಿನಚರಿಯಲ್ಲಿಲ್ಲ, ಆದರೆ ಇದನ್ನು ನಾನು ಆಮೇಲೆ ಕಟ್ಟಿದ್ದಲ್ಲ ಎಂದು ನಂಬುತ್ತೇನೆ.

ಕೊನೆಯ ಅಂಕದ ತಾಲೀಮಿನ ದಿನ ನಾನೇ ಪೇಟೆಯಿಂದ ಎರಡು ಡಜನ್ ಗಾಜಿನ ಬಳೆ ತಂದಿದ್ದೆ. ಒಡೆಯುವ ಸದ್ದು ತಾಳಕ್ಕೆ ಸರಿಯಾಗಿ ಬೀಳಬೇಕೆಂದು ಮಾಸ್ತರರು ಎಣಿಸಿ ತೋರಿಸಿದರು. ನಾನು ಎದ್ದು ನಿಂತು, ಎರಡೂ ಮುಂಗೈ ಎತ್ತಿ, ಹೇಗೆ ಬಡಿದುಕೊಳ್ಳಬೇಕೆಂದು ಮಾಡಿ ತೋರಿಸಿದೆ. ಎಷ್ಟು ಉತ್ಸಾಹದಿಂದ ತೋರಿಸಿದೆನೋ ನೆನೆದರೆ ಈಗಲೂ ಮೈ ಕುಗ್ಗುತ್ತದೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. “ಇದು ನಂಗಾಗೂದಿಲ್ಲ,” ಎಂದಳು. ಸಿಟ್ಟಿರಲಿಲ್ಲ. ಬಾಗಿಲಿಗೆ ಹೋಗಿ ಬುಟ್ಟಿ ಎತ್ತಿಕೊಂಡು ಮಳೆಯಲ್ಲೇ ನಡೆದಳು.

ನಿರ್ದೇಶಕರು ತಲೆಯ ಮೇಲೆ ಕೈ ಇಟ್ಟುಕೊಂಡರು. “ನಿಮ್ಗೆ ಗೊತ್ತಿತ್ತು ಅಂದ್ಕಂಡೆ ಅಕ್ಕೋರೆ.”

ನನಗೆ ಗೊತ್ತಿರಲಿಲ್ಲ. ಅವಳ ಗಂಡ ನಾಲ್ಕು ವರ್ಷದ ಹಿಂದೆ ಕಡಲಿಗೆ ಹೋದವನು ಬಂದಿರಲಿಲ್ಲ. ದೇಹ ಸಿಕ್ಕಿರಲಿಲ್ಲ. ಅಂಥವರ ವಿಷಯದಲ್ಲಿ ಆ ಕೇರಿಯವರು ಸತ್ತ ಎಂಬ ಮಾತು ಆಡುವುದಿಲ್ಲ. ಮನೆಯ ಹಿರಿಯರು ‘ಇನ್ನು ಸಾಕು’ ಎನ್ನುವವರೆಗೆ ಉತ್ತರಕ್ರಿಯೆ ಇಲ್ಲ. ಕ್ರಿಯೆ ಆಗುವವರೆಗೆ ಹೆಂಡತಿಯ ಕುಂಕುಮ, ಬಳೆ ಹಾಗೆಯೇ. ಅವಳ ಮನೆಯಲ್ಲಿ ಹಿರಿಯಳೆಂದರೆ ಅತ್ತೆ. ಅತ್ತೆ ಹೇಳಿರಲಿಲ್ಲ.

ನಾಟಕಕ್ಕಾಗಿ ನಾನು ದೋಣಿಯ ಭಾಗಗಳ ಹೆಸರು, ಗಾಳಿಗಳ ಹೆಸರು, ಅಳಿವೆಯ ಆಳ ಎಲ್ಲವನ್ನೂ ಕೇಳಿ ಟಿಪ್ಪಣಿ ಮಾಡಿಕೊಂಡಿದ್ದೆ. ದಿನವೂ ಎದುರಿಗೆ ನಿಂತು ಹಾಡುವವಳನ್ನು ಒಂದು ಮಾತೂ ಕೇಳಿರಲಿಲ್ಲ. ಅವಳ ಕೈಯ ಹಸಿರು ಬಳೆ ನೋಡಿ, ಗಂಡ ಮನೆಯಲ್ಲಿದ್ದಾನೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮೀನುಪೇಟೆಗೆ ಹೋದೆ. ಅವಳ ಪಕ್ಕದಲ್ಲಿ ಕೂತಿದ್ದ ಹೆಂಗಸೇ ಮೊದಲು ಬಾಯಿ ತೆಗೆದಳು. “ಏನ್ ಅಕ್ಕೋರೆ, ಹೀರೋನ ನೀರಿಗೆ ಹಾಕಿ ಕೊಂದ್ರಂತೆ? ಬೇಡಾದ್ರೆ ನಂಗಾದ್ರೂ ಕೊಡೂದಲ್ವಾ, ಮನೇಲಿ ಗಂಡ ಅಂತ ಒಬ್ಬ ಅವ್ನೆ, ನಾಲ್ಕು ಕಾಸಿನ ಕೆಲ್ಸ ಇಲ್ಲ!”

“ನೀ ಸುಮ್ನಿರೇ ಮಾರಾಯ್ತಿ,” ಎಂದಳು ನಾಯಕಿ, ನಗು ತಡೆದುಕೊಂಡು. ನನ್ನ ಕ್ಷಮೆಯ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. “ನಾ ಹಾಡೂದಿಲ್ಲ ಅಂದೆನಾ? ಹಾಡ್ತೆ. ಬಳೆ ಒಡ್ಯೂದಿಲ್ಲ. ಅಂವ ಹೋದ ಅಂತ ನಂಗೆ ಯಾರೂ ಹೇಳ್ಬಾರ್ದು, ಸ್ಟೇಜಲ್ಲಿ ಸುದ್ದಾ. ಅತ್ತೆ ಮುಂದ್ಗಡೆ ಕುಂತಿರ್ತದೆ.” ನಮ್ಮ ಕಡೆ ಮನೆಯ ಹೆಂಗಸರನ್ನು ‘ಅದು’ ಎಂದೇ ಹೇಳುವುದು.

“ಅವರಿಗೆ ಇನ್ನೂ ನಂಬಿಕೆ ಇದೆಯೇ?”

ಅವಳು ಒಣ ಬಂಗಡೆಯನ್ನು ಕಾಗದದಲ್ಲಿ ಸುತ್ತುತ್ತ ಹೇಳಿದಳು: “ಅದ್ಕೆ ಇರೂದೇ ಅಷ್ಟು ಅಕ್ಕೋರೆ. ಅದನ್ನೂ ತೆಗ್ದ್ರೆ ಎಂತಾ ಉಳೀತು?”

“ನಿಮಗೆ?”

“ನಂಗೆ ಮೊದಲ್ನೇ ವರ್ಷವೇ ಗೊತ್ತಾತು.” ಆಮೇಲೆ ಗಿರಾಕಿಯ ಕಡೆ ತಿರುಗಿ ದನಿ ಎತ್ತಿದಳು.

ನಿರ್ದೇಶಕರು ಒಪ್ಪಲಿಲ್ಲ. ಸುದ್ದಿ ಮುಟ್ಟದಿದ್ದರೆ ದುಃಖ ಎಲ್ಲಿಂದ ಬರಬೇಕು? ನಾಯಕನ ಪಾತ್ರದವನು ಅಗಸೂರಿನಿಂದ ಬರುವ ಬಸ್ ಕಂಡಕ್ಟರ್. ಅವನಿಗೂ ಬೇಸರ. “ನಾ ಸತ್ತದ್ದು ಯಾರ್ಗೂ ಗೊತ್ತಾಗ್ದಿದ್ರೆ, ನಾ ಸತ್ತು ಎಂತಾ ಉಪಯೋಗ ಮಾರಾಯ್ರೆ?” ಕಾರವಾರದಲ್ಲಿ ಮದುವೆ ಸಮಾರಂಭಗಳಲ್ಲಿ ಹಾಡುವ ಹುಡುಗಿಯೊಬ್ಬಳಿದ್ದಾಳೆ, ಹೋಗಿ ನೋಡಿ ಬನ್ನಿ ಎಂದು ನಿರ್ದೇಶಕರು ನನ್ನನ್ನು ಕಳಿಸಿದರು.

ಹೋದೆ. ಹುಡುಗಿ ಚೆನ್ನಾಗಿ ಹಾಡಿದಳು, ಶ್ರುತಿಯಲ್ಲಿ ಒಂದು ಕೂದಲೆಳೆಯ ತಪ್ಪಿಲ್ಲ. ಬಳೆ ಒಡೆಯಲು ತಕ್ಷಣ ಒಪ್ಪಿದಳು. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಗಾಜಿನ ಮೇಲೆ ಇಳಿಯುವ ನೀರಿನಿಂದಾಗಿ ಆಕಾಶ ಯಾವುದು, ಕಡಲು ಯಾವುದು ಎಂದು ಬಿಡಿಸಿ ಹೇಳುವಂತಿರಲಿಲ್ಲ. ಮಂಪರು ಹತ್ತಿರಬೇಕು. ಯಾರೋ ಒಬ್ಬಳು ದಂಡೆಯಲ್ಲಿ ನಿಂತು ಕೇಳುತ್ತಿದ್ದಾಳೆ, ಸುತ್ತಲಿನವರೆಲ್ಲ ಉತ್ತರ ಗೊತ್ತಿದ್ದೂ ಬೇರೆಯದೇ ಹೇಳುತ್ತಿದ್ದಾರೆ. ಕನಸೋ, ಯೋಚನೆಯೋ. ಎಚ್ಚರಾದಾಗ ಬಸ್ಸು ಅಂಕೋಲೆಯ ನಿಲ್ದಾಣ ದಾಟಿ ಹೊರಟಿತ್ತು. ಕೂಗಿ ನಿಲ್ಲಿಸಿ, ಇಳಿದು, ಒದ್ದೆಯಾಗಿಯೇ ನಿರ್ದೇಶಕರ ಮನೆಗೆ ನಡೆದೆ.

“ಸುದ್ದಿ ಇರಲಿ,” ಎಂದೆ. “ಜನರಿಗೆ ಗೊತ್ತಿರಲಿ, ಹಿಂದೆ ನಿಂತು ಹಾಡುವ ಮೇಳದವರಿಗೆ ಗೊತ್ತಿರಲಿ, ಅಣ್ಣನಿಗಂತೂ ಗೊತ್ತು. ಅವಳೊಬ್ಬಳಿಗೆ ಮಾತ್ರ ಯಾರೂ ಹೇಳುವುದಿಲ್ಲ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೆಂಡತಿಯನ್ನು ಕೂಗಿ, “ಅಕ್ಕೋರ್ಗೆ ಒಂದು ಟವೆಲ್ ಕೊಡೆ,” ಎಂದರು. ಅದೇ ಒಪ್ಪಿಗೆ.

ಹೊಸ ಅಂಕದಲ್ಲಿ ಅಣ್ಣ ಬರುತ್ತಾನೆ, ಬಾಯಿ ತೆಗೆಯುತ್ತಾನೆ, ಹೇಳಲಾರದೆ ಹಿಂದಿರುಗುತ್ತಾನೆ. ನಾಯಕಿ ಕಡಲ ಕೇರಿಯ ಹೆಂಗಸರ ಮೇಳವನ್ನು ‘ದೋಣಿ ಬಂತೇ?’ ಎಂದು ಮೂರು ಸಲ ಕೇಳುತ್ತಾಳೆ. ಮೂರು ಸಲವೂ ಮೇಳ ‘ನಾಳೆ ಬರುವುದು’ ಎಂದು ಹಾಡುತ್ತದೆ. ಕೊನೆಗೆ ಇಲ್ಲದ ಕಂದೀಲಿನ ಬೆಳಕು ಅವಳ ಕಣ್ಣಿಗೆ ಕಂಡು, ದೋಣಿಯನ್ನು ಎದುರುಗೊಳ್ಳಲು ನೀರಿಗೆ ಇಳಿಯುತ್ತಾಳೆ. ಈ ಅಂಕಕ್ಕೆ ಮೊದಲು ಜೋಗಿಯಾ ರಾಗ ಹಾಕಿದ್ದೆವು. ಮಾಸ್ತರರು ಅದನ್ನು ತೆಗೆದುಹಾಕಿದರು. “ಜೋಗಿಯಾ ಹೋದವನ ಹಾಡು. ಇದು ಬರೂವವನ ಹಾಡು. ದೇಸ್ ಇರ್ಲಿ,” ಎಂದರು. ದೇಸ್‌ನಲ್ಲಿ ಆ ಮೂರು ಪ್ರಶ್ನೆಗಳು ಎಷ್ಟು ಹಗುರಾದವೆಂದರೆ ಮೊದಲ ಸಲ ಕೇಳಿದಾಗ ನನಗೆ ಭಯವಾಯಿತು.

ಒಂದು ತೊಡಕು ಉಳಿದಿತ್ತು. ಮೂರನೆಯ ಪ್ರಶ್ನೆಯನ್ನು ಅವಳು ಪ್ರತಿ ತಾಲೀಮಿನಲ್ಲೂ ಸಪ್ಪೆಯಾಗಿ ಹಾಡುತ್ತಿದ್ದಳು. ಮೊದಲ ಎರಡರಲ್ಲಿದ್ದ ಜೀವ ಅದರಲ್ಲಿ ಇರುತ್ತಿರಲಿಲ್ಲ. ನಾನು ಪದ ಬದಲಿಸಿದೆ, ಮಾಸ್ತರರು ಸ್ವರ ಬದಲಿಸಿದರು. ಸುಧಾರಿಸಲಿಲ್ಲ. “ಮೂರ್ನೇ ಸಲ ಕೇಳೂವವ್ರಿಗೆ ಉತ್ತರ ಗೊತ್ತಿರ್ತದೆ ಅಕ್ಕೋರೆ,” ಎಂದಳೊಮ್ಮೆ. ಹಾಗೇ ಬಿಟ್ಟೆವು.

ಪ್ರದರ್ಶನ ಶ್ರಾವಣದ ಒಂದು ಭಾನುವಾರ, ಶಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನ ನಾಲ್ಕಕ್ಕೆ. ಬೆಳಗಾಗುವ ಮೊದಲೇ ಏಳುವ ಹೆಂಗಸರಿಗೆ ರಾತ್ರಿ ನಾಟಕ ಬೇಡವಾಗಿತ್ತು. ಮೋಡದಿಂದಾಗಿ ಒಳಗೆ ದೀಪ ಹಚ್ಚಬೇಕಾಯಿತು. ನಾನು ಪರದೆಯ ಮರೆಯಲ್ಲಿ ನಾಟಕದ ಪ್ರತಿ ಹಿಡಿದು ನಿಂತಿದ್ದೆ. ಸಾಲು ಮರೆತವರಿಗೆ ನೆನಪಿಸುವ ಕೆಲಸ ನನ್ನದು. ಸಂದಿಯಿಂದ ಮುಂದಿನ ಚಾಪೆ ಕಾಣುತ್ತಿತ್ತು. ಚಾಪೆಯ ತುದಿಯಲ್ಲಿ ಅತ್ತೆ. ಒಣಕಲು ಮೈ, ಮಡಿಲಲ್ಲಿ ಎಲೆಯಡಿಕೆಯ ಸಂಚಿ. ಕಂದೀಲು ಆರಿಸುವ ದೃಶ್ಯದಲ್ಲಿ ಅಣ್ಣನ ಪಾತ್ರದವನಿಗೆ ಇಡೀ ಚಾಪೆಯೇ ಶಾಪ ಹಾಕಿತು. “ನಿನ್ನ ಕೈ ಕಡೀಲಿ!” ಎಂದು ಯಾರೋ ಕೂಗಿದರು. ಅತ್ತೆ ಮಾತ್ರ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿಕೊಂಡಳು.

ಕೊನೆಯ ಅಂಕ ಬಂತು. ನಾಯಕಿ ಮೊದಲ ಸಲ ಕೇಳಿದಳು. ಮೇಳ ‘ನಾಳೆ ಬರುವುದು’ ಎಂದಿತು. ಎರಡನೆಯ ಸಲ ಕೇಳಿದಳು. ಮೇಳದ ದನಿ ಸ್ವಲ್ಪ ಸಣ್ಣದಾಯಿತು, ನಾವು ಕಲಿಸಿದ್ದೂ ಹಾಗೆಯೇ. ಮೂರನೆಯ ಸಲ ಅವಳು ಕೇಳಿದಾಗ, ಮೇಳ ಉಸಿರು ತೆಗೆದುಕೊಳ್ಳುವ ಮೊದಲೇ ಚಾಪೆಯ ತುದಿಯಿಂದ ಉತ್ತರ ಬಂತು.

“ಬರೂದಿಲ್ಲ ಮಗಾ. ಅಂವ ಹೋದ.”

ಆ ದನಿ ಹೇಗಿತ್ತು ಎಂಬುದು ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ಮೆಲ್ಲನೆಯದು, ಮಲಗಿದ ಮಗುವನ್ನು ಎಬ್ಬಿಸುವಂಥದ್ದು. ನಿರ್ದೇಶಕರ ಪ್ರಕಾರ ಮುದುಕಿ ಕೂಗಿದಳು. ಮಾಸ್ತರರು ಅದು ಶ್ರುತಿಯಲ್ಲೇ ಇತ್ತು ಎಂದು ಇಂದಿಗೂ ಆಣೆ ಇಡುತ್ತಾರೆ. ದಿನಚರಿಯಲ್ಲಿ ಅಂದಿನ ಪುಟದಲ್ಲಿರುವುದು ‘ನಾಟಕ ಮುಗಿಯಲಿಲ್ಲ’ ಎಂಬ ಎರಡೇ ಪದ.

ನಾಯಕಿ ನಿಂತಲ್ಲೇ ನಿಂತಳು. ಮೇಳದವರು ನನ್ನ ಕಡೆ ನೋಡಿದರು. ಎದುರಿನ ಪರದೆಯ ಮರೆಯಿಂದ ನಿರ್ದೇಶಕರು, “ಸಾಲು ಕೊಡಿ! ಸಾಲು ಕೊಡಿ ಅಕ್ಕೋರೆ!” ಎಂದು ಕೈ ಬೀಸುತ್ತಿದ್ದರು. ಮುಂದಿನ ಸಾಲು ನನ್ನ ನಾಲಿಗೆಯ ಮೇಲಿತ್ತು. ಅದು ಬರೀ ‘ನಾಳೆ ಬರುವುದು’. ನಾನು ಹೇಳಿದ್ದರೆ ಮೇಳ ಹಾಡುತ್ತಿತ್ತು, ಅವಳು ಅಭ್ಯಾಸಬಲದಿಂದ ಬೆಳಕಿನ ಕಡೆ ನಡೆಯುತ್ತಿದ್ದಳು, ಚಾಪೆಯ ಮಾತು ಒಂದು ಅಡಚಣೆಯಾಗಿ ಕಳೆದುಹೋಗುತ್ತಿತ್ತು. ಎರಡು ತಿಂಗಳ ಕೆಲಸ ದಡ ಸೇರುತ್ತಿತ್ತು. ಎಷ್ಟು ಹೊತ್ತು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ. ಪ್ರತಿಯನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ.

ಮಾಸ್ತರರು ಷಡ್ಜವನ್ನು ಒತ್ತಿ ಹಿಡಿದೇ ಇದ್ದರು. ಪೇಟಿಯ ತಿದಿಯ ಉಸಿರು ಕೇಳುತ್ತಿತ್ತು. ನಾಯಕಿ ಮೆಟ್ಟಿಲಿಗೂ ಹೋಗದೆ ವೇದಿಕೆಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಕೆಳಗೆ ಜಾರಿದಳು. ಚಾಪೆಯ ತುದಿಯಲ್ಲಿ ಅತ್ತೆಯ ಪಕ್ಕ ಕೂತಳು. ಅಷ್ಟೇ. ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ನಾಟಕ ನೋಡಲು ಬಂದ ಇನ್ನಿಬ್ಬರ ಹಾಗೆ ಖಾಲಿ ವೇದಿಕೆಯನ್ನು ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರು ಯಾರನ್ನೂ ಕೇಳದೆ ಮಂಗಳದ ಹಾಡು ನುಡಿಸಿದರು. ಜನ ಸದ್ದಿಲ್ಲದೆ ಎದ್ದರು. ಅಂದು ಎಷ್ಟು ಮನೆಗಳಲ್ಲಿ ಅನ್ನ ಬಡಿಸಲು ಮರೆತರೋ ನನಗೆ ಗೊತ್ತಿಲ್ಲ. ನಿರ್ದೇಶಕರೂ ಆ ಮಾತು ಎತ್ತಲಿಲ್ಲ.

ದೋಣಿಗಳು ನೀರಿಗಿಳಿಯುವ ಮೊದಲೇ ಆ ಮನೆಯಲ್ಲಿ ಕ್ರಿಯೆ ನಡೆಯಿತು ಎಂದು ಕೇಳಿದೆ. ಎರಡು ವಾರ ಬಿಟ್ಟು, ಹೋಗಬೇಕೋ ಬೇಡವೋ ಎಂದುಕೊಳ್ಳುತ್ತಲೇ ಹೋದೆ. ಬಿಸಿಲು ಬಿದ್ದಿತ್ತು. ಅತ್ತೆ ಜಗಲಿಯಲ್ಲಿ ಒಣಸೀಗಡಿ ಆರಿಸುತ್ತಿದ್ದಳು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ಬುಟ್ಟಿಗೆ ಹಗ್ಗ ಸುತ್ತುತ್ತಿದ್ದಳು. ಅವಳ ಮುಂಗೈ ನೋಡಬಾರದೆಂದುಕೊಂಡು ನೋಡಿದೆ. ಬರಿದಾಗಿತ್ತು.

“ನಿಮ್ಮ ನಾಟ್ಕ ಹಾಳು ಮಾಡ್ದೆ ಅಲ್ವಾ ಅಕ್ಕೋರೆ?” ಎಂದಳು ಅತ್ತೆ.

“ಇಲ್ಲ ಅಮ್ಮಾ.”

“ಸುಳ್ಳು ಹೇಳ್ಬೇಡಿ. ಆ ಗುಮಾಸ್ತ ನನ್ನ ಕಂಡ್ರೆ ಈಗ್ಲೂ ಮುಖ ತಿರುಗ್ಸ್ತ.” ಒಂದು ಹಿಡಿ ಸೀಗಡಿ ಕೇರಿ, ಸೊಸೆಯತ್ತ ಗದ್ದ ಎತ್ತಿ ತೋರಿಸಿದಳು. “ಎಂತಾ ಮಾಡೂದು. ಅದು ಮೂರ್ನೇ ಸಲ ಕೇಳ್ತಲ್ಲ, ಆವಾಗ ಗೊತ್ತಾತು, ಇದ್ಕೂ ಗೊತ್ತದೆ, ನಂಗೋಸ್ಕರ ಕೇಳ್ತದೆ ಅಂತ. ನಾಲ್ಕು ವರ್ಷ ನಾ ಬಾಯಿ ಮುಚ್ಕಂಡಿದ್ದು ಯಾರಿಗೋಸ್ಕರ? ಅದು ತಡ್ಕಣೂದಿಲ್ಲ ಅಂತ ಅಲ್ವಾ?”

ಸೊಸೆ ಹಗ್ಗದಿಂದ ಕಣ್ಣೆತ್ತಲಿಲ್ಲ. ಈ ಮಾತು ಅವರಿಬ್ಬರ ನಡುವೆ ಆಗಲೇ ನಡೆದುಹೋಗಿರಬೇಕು, ಅಥವಾ ನಡೆಯುವ ಅಗತ್ಯವೇ ಬಿದ್ದಿರಲಿಕ್ಕಿಲ್ಲ.

“ಅದಿರ್ಲಿ. ಕಡೆಗೆ ಎಂತಾ ಆತಿತ್ತು? ನಾ ಬಾಯಿ ಹಾಕ್ದೆ ಇದ್ದಿದ್ರೆ? ಇದ್ನ ಕೇಳಿದ್ರೆ ನೀವೇ ಹೇಳ್ಬೇಕು ಅಂತದೆ.”

ಹೇಳಿದೆ. ಮೇಳದವರು ಮೂರನೆಯ ಸಲವೂ ಸುಳ್ಳು ಹಾಡುವುದನ್ನು ಹೇಳಿದೆ. ಇಲ್ಲದ ಕಂದೀಲು ಅವಳಿಗೆ ಕಾಣುವುದನ್ನು ಹೇಳಿದೆ. ಅವಳು ಹಾಡುತ್ತ ನೀರಿಗೆ ಇಳಿಯುವಲ್ಲಿಗೆ ಬಂದಾಗ ಅತ್ತೆಯ ಕೈ ನಿಂತಿತು.

“ಸಾಯ್ತದಾ?”

“ಹೌದು.”

“ಇದು ಸರಿ ಆಗ್ಲಿಲ್ಲ ಅಕ್ಕೋರೆ. ಅಷ್ಟು ಹಾಡ್ಸಿ ಕಡೆಗೆ ನೀರಿಗೆ ಹಾಕೂದಾ? ಮಾರ್ನೇ ದಿನ ಪೇಟೆಗೆ ಯಾರು ಹೋಗ್ತರು?”

“ಅತ್ತೇ, ಅದು ನಾಟ್ಕ,” ಎಂದು ಸೊಸೆ ನಕ್ಕಳು.

“ನಾಟ್ಕ ಆದ್ರೆಂತಾ? ಅದ್ಕೂ ಒಂದು ಹೊಟ್ಟೆ ಅದೆಯಲ್ಲ. ಬರ್ಕಳಿ ನೀವು, ಪೆನ್ನು ಇಲ್ವಾ?” ಪೆನ್ನು ಇತ್ತು. ದಿನಚರಿಯನ್ನೇ ತೆಗೆದೆ. ಅವಳು ಸೀಗಡಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಕಡಲ ಕಡೆ ಮುಖ ಮಾಡಿ, ನಾನು ಬರೆಯುವ ವೇಗಕ್ಕೆ ಸರಿಯಾಗಿ ನಿಲ್ಲಿಸಿ ನಿಲ್ಲಿಸಿ ಹೇಳಿದಳು.

“ಬೆಳಿಗ್ಗೆ ಏಳ್ತದೆ. ಮುಖ ತೊಳೀತದೆ. ಬುಟ್ಟಿ ತಲೆ ಮೇಲೆ ಇಟ್ಕಂಡು ಪೇಟೆಗೆ ಹೋಗ್ತದೆ. ಕಡ್ಲು ಹಿಂದೆ ಇರ್ತದೆ, ತಿರುಗಿ ನೋಡೂದಿಲ್ಲ.”

ನಾನು ಬರೆದು ತಲೆ ಎತ್ತಿದೆ. ಅವಳು ಸೊಸೆಯನ್ನು ನೋಡುತ್ತಿದ್ದಳು.

“ಬೇಡ, ಒಂದ್ಸಲ ನೋಡ್ಲಿ,” ಎಂದಳು. “ಒಂದೇ ಸಲ.”